ಅಂಗಳ ಯಾರದು? ರೋಮ್ ನಗರದ ಮೂರು ಚೌಕಗಳು

ನಗರವೊಂದರ ಹಿರಿಮೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಅದರ ಕಟ್ಟಡಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ಅರಮನೆ, ದೇವಾಲಯ, ಕೋಟೆ, ವಸ್ತುಸಂಗ್ರಹಾಲಯ ಇವೆಲ್ಲ ಆ ಪಟ್ಟಿಯಲ್ಲಿ ಸೇರುತ್ತವೆ. ಆದರೆ ಕಟ್ಟಡಗಳ ನಡುವೆ ಏನನ್ನೂ ಕಟ್ಟದೆ ಉಳಿಸಿಕೊಂಡ ಬಯಲಿಗೂ ಒಂದು ಇತಿಹಾಸವಿದೆ. ಅರಮನೆಯೊಳಗೆ ಅರಸನೂ ಅವನ ಪರಿವಾರದವರೂ ಮಾತ್ರ ಬದುಕಿದರು. ಚೌಕದಲ್ಲಿ ಊರಿಗೆ ಊರೇ ಬದುಕಿತು. ಅಲ್ಲಿ ಸಂತೆ ನೆರೆಯಿತು, ಮೆರವಣಿಗೆ ಸಾಗಿತು, ಡಂಗುರ ಸಾರಲಾಯಿತು, ವಾದವಿವಾದ ನಡೆಯಿತು. ಕೆಲವೊಮ್ಮೆ ನ್ಯಾಯದ ಹೆಸರಿನಲ್ಲಿ ಕೊಲೆಯೂ ನಡೆಯಿತು. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಯೂ ಸಂತೆಮಾಳವೂ ವಹಿಸಿದ ಪಾತ್ರವನ್ನು ಯುರೋಪಿನ ನಗರಗಳಲ್ಲಿ ಈ ಚೌಕಗಳು ವಹಿಸಿದವು.

ಗ್ರೀಕರು ಇಂಥ ತಾಣವನ್ನು ಅಗೋರ ಎಂದರು, ರೋಮನ್ನರು ಫೋರಂ ಎಂದರು. ಕ್ರೈಸ್ತ ವಿಶ್ವಾಸಿಗಳಾದ ನಮಗೆ ಈ ತಾಣ ಅಪರಿಚಿತವೇನಲ್ಲ. ಸಂತ ಪೌಲರು ಅಥೆನ್ಸಿನಲ್ಲಿದ್ದಾಗ ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲಿ ಮಾತ್ರವಲ್ಲ, ಅಗೋರದಲ್ಲಿಯೂ ದಿನನಿತ್ಯ ಎದುರಾದವರೊಡನೆ ಚರ್ಚಿಸುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿ ಕೂಲಿಯಾಳುಗಳು ಕೆಲಸಕ್ಕಾಗಿ ಕಾದು ನಿಂತದ್ದೂ ಪೇಟೆಯ ಬಯಲಿನಲ್ಲಿಯೇ. ಹೇಳಬೇಕಾದ ಮಾತು ಇರುವವನಿಗೂ ಹೊಟ್ಟೆಗೆ ಇಲ್ಲದವನಿಗೂ ಸಮಾನವಾಗಿ ನಿಲ್ಲಲು ದೊರಕಿದ ನೆಲವದು.

ಚೌಕಗಳನ್ನು ಕುರಿತ ಕಲಾವಿಮರ್ಶೆಯಲ್ಲಿ ಕಂಬಗಳ ಎತ್ತರ, ಕಾರಂಜಿಗಳ ಸೊಬಗು, ಪ್ರಮಾಣಬದ್ಧತೆ ಮುಂತಾದವುಗಳ ವಿವರ ಸಾಕಷ್ಟು ದೊರೆಯುತ್ತದೆ. ಅದು ಅಗತ್ಯವೇ ಹೌದು. ಆದರೆ ಅಷ್ಟಕ್ಕೇ ನಿಂತರೆ ವಿಮರ್ಶೆ ಅರ್ಧಕ್ಕೆ ನಿಂತಂತೆ. ಇಲ್ಲಿ ಬಂದು ನಿಲ್ಲಲು ಯಾರಿಗೆ ಅವಕಾಶವಿತ್ತು? ಇದರ ಅಂದಕ್ಕಾಗಿ ಬೆಲೆ ತೆತ್ತವರು ಯಾರು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ರೋಮ್ ನಗರದ ಮೂರು ಚೌಕಗಳನ್ನು ನೋಡುವುದು ಈ ಲೇಖನದ ಉದ್ದೇಶ. ಈ ಮೂರನ್ನೂ ಒಂದೇ ಪೂರ್ವಾಹ್ನದಲ್ಲಿ ನಡೆದು ನೋಡಬಹುದು. ನಮ್ಮ ಯಾತ್ರಿಕರಲ್ಲಿ ಅನೇಕರು ನೋಡಿಯೂ ಇದ್ದಾರೆ. ಆದರೆ ಮಾರ್ಗದರ್ಶಿಯ ಅವಸರದಲ್ಲಿ ಈ ಪ್ರಶ್ನೆಗಳಿಗೆ ಬಿಡುವು ದೊರೆಯುವುದು ಕಡಿಮೆ.

ರೊಟ್ಟಿಯೋ ಕಲ್ಲೋ?

ಮೊದಲನೆಯದು ನವೋನ ಚೌಕ. ಕ್ರಿ.ಶ. 86ರ ಸುಮಾರಿಗೆ ಚಕ್ರವರ್ತಿ ದೊಮಿತಿಯನ್ ಇಲ್ಲಿ ಅಂಗಸಾಧನೆಯ ಸ್ಪರ್ಧೆಗಳಿಗಾಗಿ ಕ್ರೀಡಾಂಗಣವೊಂದನ್ನು ಕಟ್ಟಿಸಿದನು. ಪ್ರೇಕ್ಷಕರ ಮೆಟ್ಟಿಲುಗಳಿದ್ದ ಜಾಗದಲ್ಲಿ ಮುಂದೆ ಮನೆಗಳು ಎದ್ದವು. ಓಟಗಾರರು ಓಡಿದ ನೆಲ ಬಯಲಾಗಿಯೇ ಉಳಿಯಿತು. ಆದ್ದರಿಂದಲೇ ಈ ಚೌಕಕ್ಕೆ ಹೆಸರಿಗೆ ಮಾತ್ರ ಚೌಕದ ಆಕಾರ. ವಾಸ್ತವವಾಗಿ ಅದು ಒಂದು ತುದಿ ದುಂಡಗಾಗಿರುವ ಉದ್ದನೆಯ ಅಂಗಳ. ಸ್ಪರ್ಧೆ ಎಂಬ ಅರ್ಥದ ಗ್ರೀಕ್ ಪದವಾದ ‘ಅಗೋನ್’ ಜನರ ಬಾಯಲ್ಲಿ ಸವೆದು ಸವೆದು ‘ನವೋನ’ ಆಯಿತು. 1477ರಲ್ಲಿ ನಗರದ ಸಂತೆ ಇಲ್ಲಿಗೆ ವರ್ಗವಾಯಿತು. ಹೀಗೆ ಚಕ್ರವರ್ತಿಯ ಅಂಗಳ ತರಕಾರಿ ಮಾರುವವರ ಪಾಲಾಯಿತು.

ಹದಿನೇಳನೆಯ ಶತಮಾನದಲ್ಲಿ ಈ ಚೌಕಕ್ಕೆ ಹೊಸ ಒಡೆಯರು ಬಂದರು. ಪಾಂಫಿಲಿ ಮನೆತನದ ಅರಮನೆ ಇದ್ದದ್ದು ಇಲ್ಲಿಯೇ. ಆ ಮನೆತನದವರೇ ಜಗದ್ಗುರು ಹತ್ತನೆಯ ಇನ್ನೊಸೆಂಟ್ ಆಗಿ ಪೀಠವನ್ನೇರಿದಾಗ ಮನೆಯ ಮುಂದಿನ ಬಯಲನ್ನು ತಮ್ಮ ಕೀರ್ತಿಗೆ ತಕ್ಕಂತೆ ಸಿಂಗರಿಸಲು ಮನಸ್ಸು ಮಾಡಿದರು. ಬೆರ್ನಿನಿಯ ಪ್ರಸಿದ್ಧ ನಾಲ್ಕು ನದಿಗಳ ಕಾರಂಜಿ 1651ರಲ್ಲಿ ಪೂರ್ಣಗೊಂಡದ್ದು ಹೀಗೆ. ಬಂಡೆಯೊಂದರ ಸುತ್ತ ಕುಳಿತ ನಾಲ್ಕು ಬೃಹತ್ ಪುರುಷಾಕೃತಿಗಳು ನಾಲ್ಕು ಖಂಡಗಳ ನದಿಗಳು: ಡ್ಯಾನ್ಯೂಬ್, ನೈಲ್, ರಿಯೋ ದೆ ಲಾ ಪ್ಲಾತಾ ಮತ್ತು ನಮ್ಮ ಗಂಗೆ. ನಮಗೆ ತಾಯಿಯಾದ ಗಂಗೆ ಅಲ್ಲಿ ಹುಟ್ಟುಹಿಡಿದ ಗಡ್ಡಧಾರಿ ಪುರುಷ! ಬಂಡೆಯ ಒಳಭಾಗವನ್ನು ಟೊಳ್ಳಾಗಿ ಬಿಡಿಸಿ, ಅದರ ಮೇಲೆ ಈಜಿಪ್ಟ್ ಮಾದರಿಯ ಭಾರೀ ಶಿಲಾಸ್ತಂಭವನ್ನು ನಿಲ್ಲಿಸಿದ ಕೌಶಲ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಲೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಾದ ಕಾರಂಜಿಗಳು ವಿರಳ.

ಆದರೆ ಕಾರಂಜಿಯ ಕೆಲಸ ನಡೆಯುತ್ತಿದ್ದ ಆ ವರ್ಷಗಳು ರೋಮಿನಲ್ಲಿ ಬರಗಾಲದ ವರ್ಷಗಳು. ವೆಚ್ಚ ಸಾರ್ವಜನಿಕ ಹಣದಿಂದ ನಡೆಯಿತು. ಹಸಿದ ಜನರು ತಮಗೆ ಬೇಕಾದದ್ದು ರೊಟ್ಟಿಯೇ ಹೊರತು ಸ್ತಂಭವಲ್ಲವೆಂದು ಚೀಟಿಗಳಲ್ಲಿ ಬರೆದು ಅಂಟಿಸಿದರು. ಈ ಚೌಕದ ಪಕ್ಕದ ಮೂಲೆಯಲ್ಲಿ ಕೈಕಾಲು ಮುರಿದ ಪುರಾತನ ಶಿಲ್ಪವೊಂದಿದೆ. ಕಾರ್ಡಿನಲ್ ಒಲಿವಿಯೆರೊ ಕರಾಫಾ ಅದನ್ನು 1501ರಲ್ಲಿ ಅಲ್ಲಿ ನಿಲ್ಲಿಸಿದರು. ಜನ ಅದನ್ನು ಪಾಸ್ಕ್ವಿನೊ ಎಂದು ಕರೆದರು. ಬಾಯಿಬಿಟ್ಟು ಹೇಳಲಾಗದ ಮಾತನ್ನು ಕತ್ತಲಲ್ಲಿ ಚೀಟಿಯಾಗಿ ಆ ಶಿಲ್ಪಕ್ಕೆ ಅಂಟಿಸುವುದು ರೋಮಿನವರ ರೂಢಿಯಾಯಿತು. ಜಗದ್ಗುರುಗಳನ್ನೂ ಕಾರ್ಡಿನಲ್‌ಗಳನ್ನೂ ಆ ಚೀಟಿಗಳು ಬಿಡಲಿಲ್ಲ. ಕಲ್ಲನ್ನು ಮಾತನಾಡಿಸಬೇಕಾದ ಸ್ಥಿತಿ ಬಂದಿತ್ತೆಂದರೆ ಮನುಷ್ಯರ ಬಾಯಿ ಎಷ್ಟು ಕಟ್ಟಿಹೋಗಿತ್ತೆಂಬುದನ್ನು ಊಹಿಸಬಹುದು. ಆ ಶಿಲ್ಪಕ್ಕೆ ಚೀಟಿ ಅಂಟಿಸುವ ರೂಢಿ ನಮ್ಮ ಕಾಲದವರೆಗೂ ಮುಂದುವರಿದಿದೆ.

ಹಾಗೆಂದು ಚೌಕವು ಜನರಿಗೆ ಸಂತೋಷವನ್ನು ಕೊಡಲಿಲ್ಲವೆಂದಲ್ಲ. ಹದಿನೇಳನೆಯ ಶತಮಾನದ ಮಧ್ಯದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಕಾರಂಜಿಯ ನೀರು ಹೊರಹೋಗುವ ದಾರಿಯನ್ನು ಮುಚ್ಚಿ ಇಡೀ ಬಯಲನ್ನು ಕೆರೆಯನ್ನಾಗಿ ಮಾಡುತ್ತಿದ್ದರು. ಶ್ರೀಮಂತರ ಗಾಡಿಗಳು ಆ ನೀರಿನಲ್ಲಿ ಸುತ್ತುತ್ತಿದ್ದವು. ಬಡವರ ಮಕ್ಕಳು ಅದೇ ನೀರಿನಲ್ಲಿ ಆಡುತ್ತಿದ್ದರು. 1869ರಲ್ಲಿ ಸಂತೆಯನ್ನು ಇಲ್ಲಿಂದ ತೆರವು ಮಾಡಲಾಯಿತು. ಇಂದು ಅಂಚಿನ ನೆಲವನ್ನು ಉಪಾಹಾರಗೃಹಗಳ ಕುರ್ಚಿಮೇಜುಗಳು ಆವರಿಸಿವೆ. ಅದೇ ನಗರದ ಸ್ಪೇನ್ ಚೌಕದ ಹೆಸರಾಂತ ಮೆಟ್ಟಿಲುಗಳ ಮೇಲೆ ಕುಳಿತವರಿಗೆ ದಂಡ ವಿಧಿಸುವ ನಿಯಮ 2019ರಲ್ಲಿ ಜಾರಿಗೆ ಬಂತು. ಸ್ಮಾರಕದ ರಕ್ಷಣೆ ಅಗತ್ಯವೆಂಬುದನ್ನು ಒಪ್ಪೋಣ. ಆದರೂ ಕುಳಿತುಕೊಳ್ಳಬೇಕಾದರೆ ಕಾಫಿ ಕೊಳ್ಳಬೇಕು ಎಂಬಂತಾದಾಗ ಚೌಕವು ತನ್ನ ಮೂಲಗುಣವನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ ಎಂಬುದೂ ಸತ್ಯ.

ಹೂವಿನ ಬಯಲಿನ ಬೆಂಕಿ

ಸಂತೆ ನವೋನದಿಂದ ಹೋದದ್ದು ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿರುವ ಕಾಂಪೊ ದೆ ಫಿಯೊರಿ ಚೌಕಕ್ಕೆ. ಹೆಸರಿನ ಅರ್ಥ ಹೂವುಗಳ ಬಯಲು. ದೇವಾಲಯವಿಲ್ಲದ ಬೀದಿಯೇ ಇಲ್ಲವೆನಿಸುವ ರೋಮಿನಲ್ಲಿ ಈ ಚೌಕದ ಅಂಚಿನಲ್ಲಿ ಮಾತ್ರ ಒಂದೂ ದೇವಾಲಯವಿಲ್ಲ. ಆದರೆ ಧರ್ಮಸಭೆಯ ಚರಿತ್ರೆಯ ಎರಡು ಕಪ್ಪು ದಿನಗಳನ್ನು ಈ ನೆಲ ಕಂಡಿದೆ.

1553ರ ಸೆಪ್ಟೆಂಬರ್ 9ರಂದು, ಯೆಹೂದ್ಯರ ಹೊಸ ವರ್ಷದ ದಿನವೇ, ಧರ್ಮವಿಚಾರಣಾ ನ್ಯಾಯಾಲಯದ ಆಜ್ಞೆಯಂತೆ ಅವರ ಪೂಜ್ಯ ಗ್ರಂಥವಾದ ತಲ್ಮೂದಿನ ಪ್ರತಿಗಳನ್ನು ಮನೆಮನೆಯಿಂದ ತಂದು ಇಲ್ಲಿ ಸುಡಲಾಯಿತು. ಮುಂದೆ 1600ರ ಫೆಬ್ರವರಿ 17ರಂದು ಜೊರ್ದಾನೊ ಬ್ರೂನೊ ಎಂಬ ತತ್ತ್ವಜ್ಞಾನಿಯನ್ನು ಇದೇ ನೆಲದಲ್ಲಿ ಜೀವಂತವಾಗಿ ದಹಿಸಲಾಯಿತು. ಆತ ಹಿಂದೆ ದೊಮಿನಿಕನ್ ಸಭೆಯ ಗುರುವಾಗಿದ್ದವನು. ವಿಶ್ವವು ಅನಂತವೆಂದೂ ನಮ್ಮದರಂತೆ ಅಸಂಖ್ಯ ಲೋಕಗಳಿವೆಯೆಂದೂ ಬರೆದವನು. ತ್ರಿತ್ವ ಮೊದಲಾದ ಮೂಲಬೋಧನೆಗಳನ್ನೂ ಪ್ರಶ್ನಿಸಿದವನು. ಏಳು ವರ್ಷಗಳ ಕಾಲ ರೋಮಿನ ಸೆರೆಯಲ್ಲಿದ್ದರೂ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಚಿತೆಗೆ ಒಯ್ಯುವಾಗ ಆತ ಮಾತನಾಡದಂತೆ ನಾಲಿಗೆಯನ್ನು ಕಟ್ಟಲಾಗಿತ್ತು.

ಈ ಕೊನೆಯ ವಿವರವನ್ನು ಗಮನಿಸಬೇಕು. ಚೌಕವು ಪ್ರಜಾಸತ್ತೆಯ ತೊಟ್ಟಿಲು ಎಂದು ಹೊಗಳುವುದು ಈಗಿನ ಬರಹಗಳಲ್ಲಿ ಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. ಮಾತಿಗೆ ಬಯಲು ಬೇಕಾಗುವಂತೆ ಮಾತನ್ನು ಅಡಗಿಸುವವರಿಗೂ ಬಯಲೇ ಬೇಕು. ಸೆರೆಮನೆಯ ಗೋಡೆಯೊಳಗೆ ಕೊಂದರೆ ಒಬ್ಬ ಸಾಯುತ್ತಾನೆ. ಚೌಕದಲ್ಲಿ ಕೊಂದರೆ ನೋಡುತ್ತ ನಿಂತ ಸಾವಿರ ಜನ ಹೆದರುತ್ತಾರೆ. 1600 ಪವಿತ್ರ ಜುಬಿಲಿ ವರ್ಷವಾಗಿತ್ತು. ಪಾಪಕ್ಷಮೆಯನ್ನು ಬೇಡಲು ದೂರದೂರದಿಂದ ಬಂದ ಯಾತ್ರಿಕರು ತುಂಬಿದ್ದ ನಗರದಲ್ಲಿ ಆ ಬೆಂಕಿ ಹೊತ್ತಿತು. ದಂಡನೆಯನ್ನು ಕಾರ್ಯಗತಗೊಳಿಸಿದವರು ಲೌಕಿಕ ಅಧಿಕಾರಿಗಳು, ಧರ್ಮಸಭೆಯಲ್ಲ ಎಂದು ವಾದಿಸುವವರುಂಟು. ಆದರೆ ತೀರ್ಪನ್ನು ಬರೆದ ಕೈ ಯಾವುದೆಂಬುದರಲ್ಲಿ ಅನುಮಾನವಿಲ್ಲ. ಅಂದಿನ ರೋಮಿನಲ್ಲಿ ಲೌಕಿಕ ಅಧಿಕಾರಿಗಳೂ ಜಗದ್ಗುರುಗಳ ಆಳ್ವಿಕೆಗೆ ಒಳಪಟ್ಟವರೇ ಆಗಿದ್ದರು.

1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿದ ಬಳಿಕ ಈ ಚೌಕದ ನಡುವೆ ಬ್ರೂನೊನ ಕಂಚಿನ ಪ್ರತಿಮೆಯನ್ನು ನಿಲ್ಲಿಸುವ ಚಳವಳಿ ಹುಟ್ಟಿತು. ಎತ್ತೊರೆ ಫೆರ್ರಾರಿ ರೂಪಿಸಿದ ಆ ಪ್ರತಿಮೆ 1889ರ ಜೂನ್ 9ರಂದು ಅನಾವರಣಗೊಂಡಿತು. ಜಗದ್ಗುರು ಹದಿಮೂರನೆಯ ಲಿಯೊ ಅದನ್ನು ತೀವ್ರವಾಗಿ ವಿರೋಧಿಸಿದರು. ಪ್ರತಿಮೆಯನ್ನು ನಿಲ್ಲಿಸಿದವರಲ್ಲಿ ಅನೇಕರಿಗೆ ಬ್ರೂನೊನ ಮೇಲಿನ ಗೌರವಕ್ಕಿಂತ ಧರ್ಮಸಭೆಯ ಮೇಲಿನ ದ್ವೇಷವೇ ಹೆಚ್ಚಾಗಿತ್ತೆಂಬುದು ಸುಳ್ಳಲ್ಲ. ಆದರೂ ಶಿಲ್ಪಿಯ ಕೈ ದ್ವೇಷವನ್ನು ಮೀರಿತು. ಮುಸುಕಿನ ನೆರಳಿನಲ್ಲಿ ಅರ್ಧ ಮರೆಯಾದ ಮುಖ, ಗ್ರಂಥವೊಂದರ ಮೇಲಿಟ್ಟ ಕೈಗಳು, ಕೂಗದೆ ನಿಂತ ಭಂಗಿ. ಯಾರನ್ನೂ ಶಪಿಸದ ಆ ಪ್ರತಿಮೆಯ ಮೌನವೇ ಅದರ ಶಕ್ತಿ.

ಧರ್ಮಸಭೆ ಈ ಮೌನಕ್ಕೆ ಉತ್ತರ ಕೊಡಲು ನಾಲ್ಕು ಶತಮಾನಗಳು ಬೇಕಾದವು. 2000ದ ಫೆಬ್ರವರಿಯಲ್ಲಿ, ಆತನ ಮರಣದ ನಾನೂರನೆಯ ವರ್ಷದಲ್ಲಿ, ಆಗಿನ ವ್ಯಾಟಿಕನ್ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಆಂಜೆಲೊ ಸೊಡಾನೊ ಆ ಘಟನೆಯ ಬಗ್ಗೆ ವಿಷಾದವನ್ನು ವ್ಯಕ್ತಪಡಿಸಿದರು. ಬ್ರೂನೊನ ಬೋಧನೆಗಳನ್ನು ಅವರು ಒಪ್ಪಲಿಲ್ಲ. ಆತನನ್ನು ಕೊಂದ ರೀತಿಯನ್ನು ಸಮರ್ಥಿಸಲಿಲ್ಲ. ಅದೇ ವರ್ಷದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲ್, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಬಲಪ್ರಯೋಗ ಮಾಡಿದ ಪಾಪಗಳಿಗಾಗಿ ಸಂತ ಪೇತ್ರರ ಮಹಾದೇವಾಲಯದಲ್ಲಿ ದೇವರ ಕ್ಷಮೆಯನ್ನು ಬೇಡಿದರು. ಅದೂ ಒಂದು ಜುಬಿಲಿ ವರ್ಷವೇ.

ಇಂದು ಬೆಳಗಿನ ಹೊತ್ತು ಆ ಪ್ರತಿಮೆಯ ಕಾಲ ಬುಡದಲ್ಲಿ ಹೂವು, ಹಣ್ಣು, ತರಕಾರಿಗಳ ಅಂಗಡಿಗಳಿರುತ್ತವೆ. ಸುಟ್ಟ ಗ್ರಂಥಗಳ ನೆನಪಿಗಾಗಿ ನೆಲದಲ್ಲಿ ಫಲಕವೊಂದನ್ನು ಹುದುಗಿಸಲಾಗಿದೆ. ಕಲಾಕೃತಿಗಳ ಸಂಪತ್ತಿನಲ್ಲಿ ಈ ಚೌಕ ನವೋನದ ಹತ್ತಿರವೂ ಸುಳಿಯದು. ಆದರೆ ತನ್ನ ಗಾಯವನ್ನು ಮುಚ್ಚಿಡದೆ ಅದರ ಸುತ್ತಲೇ ನಿತ್ಯದ ಬದುಕನ್ನು ನಡೆಸುವ ನೆಲವೆಂಬ ಕಾರಣಕ್ಕೆ ಮೂರರಲ್ಲಿ ಇದೇ ಹೆಚ್ಚು ಪ್ರಾಮಾಣಿಕವಾದದ್ದು. ರೋಮಿಗೆ ಹೋಗುವ ಕಥೋಲಿಕರು ಕೆಲವು ಕ್ಷಣಗಳಾದರೂ ಇಲ್ಲಿ ತಲೆತಗ್ಗಿಸಿ ನಿಲ್ಲುವುದು ಒಳ್ಳೆಯದು.

ತಾಯಿಯ ತೋಳುಗಳು

ಮೂರನೆಯದು ನಮ್ಮೆಲ್ಲರ ಮನೆಗಳ ಚಿತ್ರಪಟಗಳಲ್ಲಿ ಕಾಣುವ ಸಂತ ಪೇತ್ರರ ಚೌಕ. ಅದರ ಕೇಂದ್ರದಲ್ಲಿರುವ ಸುಮಾರು 25 ಮೀಟರ್ ಎತ್ತರದ ಏಕಶಿಲಾಸ್ತಂಭವನ್ನು ಈಜಿಪ್ಟಿನಿಂದ ತರಿಸಿದವನು ಚಕ್ರವರ್ತಿ ಕಾಲಿಗುಲ. ಅದು ಮೊದಲು ಇದ್ದ ರಥಸ್ಪರ್ಧೆಯ ಅಂಗಳದಲ್ಲಿಯೇ ಸಂತ ಪೇತ್ರರು ಹುತಾತ್ಮರಾದರೆಂದು ಪರಂಪರೆ ಹೇಳುತ್ತದೆ. 1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ಟಸರ ಆಜ್ಞೆಯಂತೆ ದೊಮೆನಿಕೊ ಫೊಂತಾನ ಎಂಬ ಶಿಲ್ಪಿ ಸುಮಾರು 900 ಆಳುಗಳ ಬಲದಿಂದ ಅದನ್ನು ಈಗಿನ ಸ್ಥಾನದಲ್ಲಿ ನಿಲ್ಲಿಸಿದನು.

ಅದರ ಸುತ್ತ ಚೌಕವನ್ನು ರೂಪಿಸುವ ಕೆಲಸವನ್ನು ಜಗದ್ಗುರು ಏಳನೆಯ ಅಲೆಕ್ಸಾಂಡರ್ 1656ರಲ್ಲಿ ಬೆರ್ನಿನಿಗೆ ವಹಿಸಿದರು. ಕೆಲಸ ಮುಗಿದದ್ದು 1667ರಲ್ಲಿ. ನಾಲ್ಕು ಸಾಲುಗಳಲ್ಲಿ 284 ಕಂಬಗಳು, ಮೇಲೆ 140 ಸಂತರ ಪ್ರತಿಮೆಗಳು. ನೆಲದಲ್ಲಿ ಗುರುತು ಮಾಡಿದ ಒಂದು ಬಿಂದುವಿನಲ್ಲಿ ನಿಂತು ನೋಡಿದರೆ ನಾಲ್ಕು ಸಾಲುಗಳೂ ಒಂದೇ ಸಾಲಾಗಿ ಕಾಣುತ್ತವೆ. ಈ ಕಂಬಸಾಲುಗಳನ್ನು ಬೆರ್ನಿನಿ ಧರ್ಮಸಭೆಯೆಂಬ ತಾಯಿಯ ಚಾಚಿದ ತೋಳುಗಳಿಗೆ ಹೋಲಿಸಿದನು. ವಿಶ್ವಾಸಿಗಳನ್ನು ಮಾತ್ರವಲ್ಲ, ದೂರ ಸರಿದವರನ್ನೂ ಅನ್ಯರನ್ನೂ ಅಪ್ಪಿಕೊಳ್ಳುವ ತೋಳುಗಳೆಂದು ವಿವರಿಸಿದನು. ಬ್ರೂನೊನನ್ನು ಸುಟ್ಟ ನಗರದಲ್ಲಿ, ಅದೂ ಏಳು ದಶಕಗಳೊಳಗೆ ಇಂಥ ಮಾತು ಕೇಳಿಬಂತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಕಲ್ಲಿನಲ್ಲಿ ತೋಳು ಚಾಚುವುದು ಸುಲಭ. ಬದುಕಿನಲ್ಲಿ ಚಾಚುವುದು ಕಷ್ಟ.

ಆ ಕಷ್ಟಕ್ಕೆ ಒಂದು ನಿದರ್ಶನ ಚೌಕದ ಎದುರಿಗೇ ಇದೆ. ಬೆರ್ನಿನಿಯ ಕಾಲದಲ್ಲಿ ಇಲ್ಲಿಗೆ ಬರುವವರು ಬೊರ್ಗೊ ಎಂಬ ಹಳೆಯ ಕೇರಿಯ ಇಕ್ಕಟ್ಟಾದ ಬೀದಿಗಳಲ್ಲಿ ನಡೆದು, ಹಠಾತ್ತನೆ ಈ ವಿಶಾಲವಾದ ಬೆಳಕಿನೊಳಗೆ ಕಾಲಿಡುತ್ತಿದ್ದರು. 1929ರ ಲಾತೆರಾನ್ ಒಪ್ಪಂದದಿಂದ ಇಟಲಿಗೂ ಧರ್ಮಪೀಠಕ್ಕೂ ನಡುವೆ ಇದ್ದ ವಿರಸ ಕೊನೆಗೊಂಡಿತು. ಅದರ ನೆನಪಿಗೆಂದು ಮುಸೊಲಿನಿಯ ಸರ್ಕಾರ 1936ರಲ್ಲಿ ಆ ಕೇರಿಯ ನಡುಸಾಲಿನ ಮನೆಗಳನ್ನು ಕೆಡವಲಾರಂಭಿಸಿತು. ಪಿಯಾಚೆಂತೀನಿ ಮತ್ತು ಸ್ಪಕ್ಕಾರೆಲ್ಲಿ ಎಂಬ ವಾಸ್ತುಶಿಲ್ಪಿಗಳು ರೂಪಿಸಿದ ನೇರವಾದ ಹೆದ್ದಾರಿ 1950ರ ಪವಿತ್ರ ವರ್ಷಕ್ಕೆ ಸಿದ್ಧವಾಯಿತು. ಅದರ ಹೆಸರು ಸಂಧಾನದ ಬೀದಿ. ಆದರೆ ಅಲ್ಲಿ ತಲೆತಲಾಂತರಗಳಿಂದ ಬಾಳಿದ್ದ ಕುಟುಂಬಗಳನ್ನು ನಗರದ ಹೊರವಲಯಕ್ಕೆ ಸಾಗಿಸಲಾಯಿತು. ಸಂಧಾನ ನಡೆದದ್ದು ಎರಡು ಅಧಿಕಾರಗಳ ನಡುವೆ. ಮನೆ ಕಳೆದುಕೊಂಡವರು ಅದರಲ್ಲಿ ಪಾಲುಗಾರರಾಗಿರಲಿಲ್ಲ.

ಇಂದಿನ ಯಾತ್ರಿಕನಿಗೆ ಈ ಬೀದಿ ದೂರದಿಂದಲೇ ಗುಮ್ಮಟದ ಭವ್ಯ ನೋಟವನ್ನು ಕೊಡುತ್ತದೆ, ಒಳ್ಳೆಯ ಛಾಯಾಚಿತ್ರವನ್ನೂ ಕೊಡುತ್ತದೆ. ಆದರೆ ಚೌಕವು ಅದರಿಂದ ನಷ್ಟವನ್ನೇ ಅನುಭವಿಸಿದೆ. ದೂರದಿಂದಲೇ ಎಲ್ಲವೂ ಕಂಡುಬಿಟ್ಟ ಮೇಲೆ ಅಪ್ಪುಗೆಯ ಅಚ್ಚರಿ ಉಳಿಯುವುದಿಲ್ಲ. ತೋಳುಗಳ ಮುಂದೆ ನೆರೆಹೊರೆಯವರಿದ್ದರು. ಈಗ ಮೆರವಣಿಗೆಯ ದಾರಿಯಿದೆ. ಅಂದಿನ ಧರ್ಮಸಭೆಯ ಅಧಿಕಾರಿಗಳು ಇದಕ್ಕೆ ಸಮ್ಮತಿಸಿದರೆಂಬುದನ್ನು ವಿಷಾದದಿಂದಲೇ ಹೇಳಬೇಕಾಗುತ್ತದೆ.

ಅದೇ 1929ರ ಒಪ್ಪಂದದಲ್ಲಿ ಮೆಚ್ಚಬೇಕಾದ ಮಾತೂ ಒಂದಿದೆ. ಸಂತ ಪೇತ್ರರ ಚೌಕ ವ್ಯಾಟಿಕನ್ ರಾಜ್ಯಕ್ಕೆ ಸೇರಿದ್ದರೂ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರತಕ್ಕದ್ದು ಎಂದು ಅದು ನಿಗದಿಪಡಿಸಿತು. ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಕಾಲಿಡುವಾಗ ಅಲ್ಲಿ ಎದುರಾಗುವುದು ನೆಲದ ಮೇಲಿನ ಒಂದು ಬಿಳಿಯ ಗೆರೆ ಮಾತ್ರ. ಹೀಗೆ ತೆರೆದಿಟ್ಟದ್ದಕ್ಕೂ ಬೆಲೆ ಉಂಟು. 1981ರ ಮೇ 13ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಗುಂಡೇಟಿಗೆ ಗುರಿಯಾದದ್ದು ಇದೇ ಚೌಕದಲ್ಲಿ, ಜನರ ನಡುವೆ. ಆ ಬಳಿಕ ಕಾವಲು ಹೆಚ್ಚಿತು, ತಪಾಸಣೆಗಳು ಬಂದವು. ಆದರೆ ಚೌಕ ಮುಚ್ಚಲಿಲ್ಲ. ಅವರೂ ಜನರ ನಡುವೆ ಬರುವುದನ್ನು ಬಿಡಲಿಲ್ಲ.

2020ರ ಮಾರ್ಚ್ 27ರ ಸಂಜೆಯನ್ನು ನಮ್ಮಲ್ಲಿ ಬಹುಮಂದಿ ದೂರದರ್ಶನದಲ್ಲಿ ನೋಡಿದ್ದೇವೆ. ಮಹಾಮಾರಿಯ ಆ ದಿನಗಳಲ್ಲಿ ಸುರಿಯುವ ಮಳೆಯಲ್ಲಿ ಜಗದ್ಗುರು ಫ್ರಾನ್ಸಿಸ್ ಬರಿದಾದ ಚೌಕದ ಮುಂದೆ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದರು. ಕಂಬಗಳು, ಪ್ರತಿಮೆಗಳು, ಸ್ತಂಭ ಎಲ್ಲವೂ ಇದ್ದವು, ಇಲ್ಲದಿದ್ದದ್ದು ಜನ. ಚೌಕವೆಂದರೆ ಕಲ್ಲಲ್ಲ, ಕೂಡಿದ ಜನವೇ ಎಂಬುದನ್ನು ಆ ಶೂನ್ಯ ನಮಗೆ ಕಲಿಸಿತು. 2025ರ ಮೇ 8ರಂದು ಹದಿನಾಲ್ಕನೆಯ ಲಿಯೊ ಮೊದಲ ಬಾರಿಗೆ ಮೇಲಿನಿಂದ ಕೈಬೀಸಿದಾಗ ಅದೇ ನೆಲದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆದರೆ ಬೆರ್ನಿನಿಯ ಹೋಲಿಕೆ ನಿಜವಾದದ್ದು ಈ ದೊಡ್ಡ ದಿನಗಳಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಂಬಸಾಲಿನ ಅಡಿಯಲ್ಲಿ ವಸತಿಯಿಲ್ಲದ ಜನ ರಾತ್ರಿ ಮಲಗುತ್ತಾ ಬಂದಿದ್ದಾರೆ. ಕಲಾಪ್ರೇಮಿಗಳಿಗೆ ಅದು ಅಂದಗೆಡಿಸುವ ನೋಟ. ಜಗದ್ಗುರು ಫ್ರಾನ್ಸಿಸರ ಕಾಲದಲ್ಲಿ, 2015ರ ಫೆಬ್ರವರಿಯಲ್ಲಿ, ಅಲ್ಲಿಯೇ ಅವರಿಗಾಗಿ ಸ್ನಾನದ ಕೋಣೆಗಳನ್ನು ತೆರೆಯಲಾಯಿತು, ಕ್ಷೌರದ ವ್ಯವಸ್ಥೆ ಮಾಡಲಾಯಿತು. 2018ರಲ್ಲಿ ಬಡವರಿಗಾಗಿ ಚಿಕಿತ್ಸಾಲಯವೂ ಆರಂಭವಾಯಿತು. 2019ರ ಸೆಪ್ಟೆಂಬರ್ 29ರಂದು ಕೆನಡಾದ ಶಿಲ್ಪಿ ತಿಮೊತಿ ಶ್ಮಾಲ್ಟ್ಸ್ ರೂಪಿಸಿದ ಕಂಚಿನ ದೋಣಿಯೊಂದನ್ನು ಚೌಕದಲ್ಲಿ ಇಡಲಾಯಿತು. ಅದರಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ 140 ವಲಸಿಗರು ಒತ್ತೊತ್ತಾಗಿ ನಿಂತಿದ್ದಾರೆ. ಮೇಲೆ 140 ಸಂತರು, ಕೆಳಗೆ 140 ನಿರಾಶ್ರಿತರು. ಶಿಲ್ಪವಾಗಿ ಆ ದೋಣಿ ಬೆರ್ನಿನಿಯ ಕೆಲಸಕ್ಕೆ ಸಮನಲ್ಲ. ಹೇಳಬೇಕಾದುದನ್ನು ತುಸು ಜೋರಾಗಿಯೇ ಹೇಳುತ್ತದೆ. ಆದರೂ ಅದು ಸರಿಯಾದ ಜಾಗದಲ್ಲಿ ಕೇಳಿದ ಸರಿಯಾದ ಪ್ರಶ್ನೆ.

ನಮ್ಮ ಅಂಗಳಗಳು

ಹೀಗೆ ಅಳೆಯುವುದು ಕಲೆಗೆ ಅನ್ಯಾಯವಲ್ಲವೇ, ಸೌಂದರ್ಯಕ್ಕೆ ತನ್ನದೇ ಮೌಲ್ಯವಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತವಾಗಿ ಇದೆ. ಬಡವನಿಗೂ ಸೌಂದರ್ಯ ಬೇಕು. ಸ್ವಂತ ಮನೆಯಲ್ಲಿ ಅದಿಲ್ಲದವನಿಗೆ ಚೌಕದ ಕಾರಂಜಿಯೇ ಆಸ್ತಿ. ಆದ್ದರಿಂದಲೇ ಆ ಆಸ್ತಿ ಅವನ ಕೈತಪ್ಪಿದಾಗ ವಿಮರ್ಶಕನಾದವನು ಮಾತನಾಡಬೇಕು. ನವೋನದಲ್ಲಿ ಕಲೆ ಗೆದ್ದಿತು, ರೊಟ್ಟಿ ಸೋತಿತು. ಕಾಂಪೊ ದೆ ಫಿಯೊರಿಯಲ್ಲಿ ಅಧಿಕಾರ ಗೆದ್ದಂತೆ ಕಂಡಿತು, ಕೊನೆಗೆ ನೆನಪು ಉಳಿಯಿತು. ಸಂತ ಪೇತ್ರರ ಚೌಕದಲ್ಲಿ ಕಲ್ಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಪ್ರಯತ್ನ ಇನ್ನೂ ಸಾಗಿದೆ.

ಈ ಪ್ರಶ್ನೆಗಳು ರೋಮಿನಲ್ಲಿಯೇ ಉಳಿಯಬೇಕಾದವುಗಳಲ್ಲ. ನಮ್ಮ ಒಂದೊಂದು ಧರ್ಮಕೇಂದ್ರದ ದೇವಾಲಯದ ಮುಂದೆಯೂ ಒಂದು ಅಂಗಳವಿದೆ. ಭಾನುವಾರದ ಬಲಿಪೂಜೆಯ ನಂತರ ನಾವು ಅಲ್ಲಿ ನಿಂತು ಒಬ್ಬರ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸುತ್ತೇವೆ. ಮದುವೆಯ ಮಾತುಕತೆ, ಕಾಯಿಲೆಯ ಸುದ್ದಿ, ಕೆಲಸದ ಕೋರಿಕೆ ಎಲ್ಲ ಅಲ್ಲಿಯೇ ನಡೆಯುತ್ತವೆ. ಅಂಥ ಅಂಗಳಕ್ಕೆ ಹೊಸ ನೆಲಹಾಸು, ಎತ್ತರದ ಗೇಟು, ವಾಹನಗಳ ನಿಲುಗಡೆ ಎಂದು ಪಾಲನಾ ಸಮಿತಿಯಲ್ಲಿ ಚರ್ಚೆ ಬಂದಾಗ ಖರ್ಚಿನ ಲೆಕ್ಕದ ಜೊತೆಗೆ ಇನ್ನೊಂದು ಮಾತನ್ನೂ ಕೇಳಿಕೊಳ್ಳೋಣ: ಇದು ಮುಗಿದ ಮೇಲೆ ಇಲ್ಲಿ ನಿಲ್ಲಲು ಯಾರಿಗೆ ಜಾಗವಿರುತ್ತದೆ? ಬೇಲಿಯಾಚೆಯ ನೆರೆಯವರು, ಅನ್ಯಧರ್ಮದ ಗೆಳೆಯರು, ಬಿಸಿಲಿಗೆ ನೆರಳು ಹುಡುಕುವ ದಾರಿಹೋಕರು ಸಂಕೋಚವಿಲ್ಲದೆ ಒಳಬರಬಲ್ಲರೇ?

ನಮ್ಮ ನಗರಗಳ ಕೂಡುರಸ್ತೆಗಳಲ್ಲಿ ಇಂದಿಗೂ ಬೆಳಗಿನ ಹೊತ್ತು ಗಾರೆ ಕೆಲಸದವರೂ ಕೂಲಿಯವರೂ ಬುತ್ತಿ ಹಿಡಿದು ಕಾದು ನಿಲ್ಲುತ್ತಾರೆ. ಹತ್ತು ಗಂಟೆ ಕಳೆದರೂ ಕೆಲವರನ್ನು ಯಾರೂ ಕರೆಯುವುದಿಲ್ಲ. ಸಾಮತಿಯ ಯಜಮಾನ ಸಂಜೆ ಐದು ಗಂಟೆಗೂ ಮತ್ತೊಮ್ಮೆ ಅಂಥವರನ್ನು ಹುಡುಕಿಕೊಂಡು ಹೋದನು. ಆ ನಡಿಗೆ ಇಂದು ನಮ್ಮ ದೇವಾಲಯದ ಅಂಗಳದಿಂದ ಆರಂಭವಾಗಬೇಕಾಗಿದೆ.